ಎವೆಗೂದಲು ಮತ್ತು ಪ್ರಮಾಣವಿಚಾರ

ತೆಂಗಿನ ಫಸಲಿನಿಂದ ಬಹುಮಟ್ಟಿಗೆ ಬದುಕು ಸಾಗಿಸುವ ಅರಸೀಕೆರೆಯ ಸೀಮೆಯಲ್ಲಿ ನಿಂತು ಎಣ್ಣೆಯ ಮಹಿಮೆಯನ್ನು ಸಂಶಯಿಸುವುದು, ಕ್ಷೇತ್ರಕ್ಕೆ ಹೋಗಿ ಅಲ್ಲಿಯ ತೀರ್ಥವನ್ನು ಪ್ರಯೋಗಶಾಲೆಗೆ ಕಳುಹಿಸಬೇಕೆನ್ನುವವನ ವರ್ತನೆಯಂತೆ ಕೊಂಚ ಅವಿನಯವೆಂದು ತೋರಬಹುದು. ಅಟ್ಟದ ಮೇಲೆ ತಿಂಗಳುಗಟ್ಟಲೆ ಮಲಗಿ, ಒಳಗಿನ ನೀರೆಲ್ಲ ಇಂಗಿ, ಕರಟದಿಂದ ತಾನಾಗಿ ಬಿಟ್ಟುಕೊಂಡು, ಅಲುಗಿಸಿದರೆ ಗಡಗಡ ಸದ್ದು ಮಾಡುವ ಉಂಡೆ ಕೊಬ್ಬರಿಯು ಇಲ್ಲಿಯ ಮಾರುಕಟ್ಟೆಯ ಅಂಗಳದಲ್ಲಿ ಚೀಲಚೀಲವಾಗಿ ಹರಾಜಾಗುವುದನ್ನು ಕಂಡವರಿಗೆ, ಈ ಊರಿನ ಹೆಂಗಸರ ನೀಳವಾದ ಜಡೆಗೂ ಆ ಚೀಲಗಳಿಗೂ ಕಾರ್ಯಕಾರಣ ಸಂಬಂಧವುಂಟೆಂದು ನಂಬುವುದು ಬಹು ಸುಲಭ. ನಂಬಿಕೆಯಲ್ಲಿ ಸತ್ಯಾಂಶವೇ ಇಲ್ಲವೆಂದಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿಯ ಎಣ್ಣೆ, ಖನಿಜತೈಲ ಈ ಮೂರನ್ನೂ ಕೂದಲಿಗೆ ಲೇಪಿಸಿ ನೋಡಿದಾಗ, ಕೂದಲಿನಿಂದ ಪ್ರೋಟೀನು ಸೋರಿಹೋಗುವುದನ್ನು ಗಣನೀಯವಾಗಿ ತಗ್ಗಿಸಿದ್ದು ತೆಂಗಿನೆಣ್ಣೆಯೊಂದೇ. ಅಧ್ಯಯನ ನಡೆಸಿದವರು ತೆಂಗಿನೆಣ್ಣೆಯನ್ನು ಮಾರುವ ಸಂಸ್ಥೆಯವರೇ ಆಗಿದ್ದರೆಂಬುದನ್ನು ನೆನಪಿನಲ್ಲಿಟ್ಟುಕೊಂಡೂ ಈ ಫಲಿತವನ್ನು ಒಪ್ಪಲು ಅಡ್ಡಿಯಿಲ್ಲ. ಆದರೆ ಅಲ್ಲಿ ಸಿದ್ಧವಾದದ್ದು ಇಷ್ಟೇ: ಚರ್ಮದಿಂದ ಹೊರಗೆ ಬಂದು, ಜೀವವಿಲ್ಲದ ಎಳೆಯಾಗಿ ನಿಂತಿರುವ ಕೂದಲನ್ನು ಆ ಎಣ್ಣೆ ಕಾಪಾಡುತ್ತದೆ. ಚರ್ಮದೊಳಗಿನ ಬುಡವು ಅದರಿಂದ ಹೆಚ್ಚು ಬೆಳೆಯುತ್ತದೆ ಎಂಬುದು ಬೇರೆಯೇ ಆದ ಒಂದು ಪ್ರತಿಜ್ಞೆ. ಅದಕ್ಕೆ ಬೇರೆಯೇ ಪ್ರಮಾಣ ಬೇಕು.

ಕಣ್ಣಿನ ವಿಷಯಕ್ಕೆ ಬಂದರೆ ಈ ಸೀಮೆಯವರು ತೆಂಗನ್ನು ಬಿಟ್ಟು ಹರಳಿನ ಕಡೆಗೆ ತಿರುಗುತ್ತಾರೆ. ಹರಳನ್ನು ಹುರಿದು, ಒರಳಿನಲ್ಲಿ ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ಬಳಿದು ತೆಗೆದು, ಮತ್ತೆ ಕಾಯಿಸಿ ನೀರಿನ ಪಸೆಯನ್ನು ಹೋಗಲಾಡಿಸುವ ಕ್ರಮವನ್ನು ಬಲ್ಲ ಅಜ್ಜಿಯರು ಬಯಲುಸೀಮೆಯ ಹಳ್ಳಿಗಳಲ್ಲಿ ಇನ್ನೂ ಉಳಿದಿದ್ದಾರೆ. ಆ ಎಣ್ಣೆಯ ದೀಪದ ಮೇಲೆ ತಟ್ಟೆಯನ್ನು ಬೋರಲು ಹಿಡಿದು, ಕಟ್ಟಿದ ಮಸಿಯನ್ನು ಕೆರೆದು, ಹನಿ ಎಣ್ಣೆಯಲ್ಲಿಯೋ ತುಪ್ಪದಲ್ಲಿಯೋ ಮಸೆದು ಮಾಡಿದ ಕಾಡಿಗೆಯು ಹಸುಗೂಸಿನ ಕಣ್ಣಿನಿಂದ ಮದುವಣಗಿತ್ತಿಯ ಕಣ್ಣಿನವರೆಗೆ ಎಲ್ಲಕ್ಕೂ ಸಲ್ಲುತ್ತದೆ. ಅದರಿಂದ ಕಣ್ಣಿಗೆ ತಂಪು, ಎವೆಗೂದಲಿಗೆ ದಟ್ಟಣೆ ಎಂಬುದು ತಲೆಮಾರುಗಳ ಸಾಕ್ಷ್ಯ. ಈಚೆಗೆ ಈ ಸಾಕ್ಷ್ಯದ ಪಕ್ಕದಲ್ಲಿ ಮತ್ತೊಂದು ಬಂದು ಕುಳಿತಿದೆ: ಬೆರಳುದ್ದದ ಸೀಸೆಯಲ್ಲಿ ಸಣ್ಣ ಕುಂಚದೊಡನೆ ಬರುವ, ಸೀರಮ್ ಎಂಬ ಹೆಸರಿನ ದ್ರವ. ಅದನ್ನು ಮಾರುವವರೂ ಹರಳೆಣ್ಣೆಯನ್ನು ಹೊಗಳುವವರೂ ವೇಷದಲ್ಲಿ ಎಷ್ಟೇ ಭಿನ್ನರಾದರೂ ಮುಂದಿಡುವ ಆಧಾರ ಮಾತ್ರ ಒಂದೇ ಬಗೆಯದು: ಹಚ್ಚಿದೆವು, ಬೆಳೆಯಿತು. ಈ ಎರಡು ಕ್ರಿಯಾಪದಗಳ ನಡುವೆ ಇರುವ ಅಲ್ಪವಿರಾಮದ ಬೆಲೆಯೆಷ್ಟೆಂಬುದೇ ಇಲ್ಲಿಯ ವಿಚಾರ.

ಮೊದಲು ಪ್ರಮಾಣ ದೊರೆತಿರುವ ಒಂದು ಪ್ರಕರಣವನ್ನು ನೋಡುವುದು ನ್ಯಾಯ. ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿನರವನ್ನು ಸದ್ದಿಲ್ಲದೆ ಕೊಲ್ಲುವ ಗ್ಲಾಕೋಮಾ ಎಂಬ ರೋಗಕ್ಕೆ 1996ರಲ್ಲಿ ಅಮೆರಿಕದಲ್ಲಿ ಲ್ಯಾಟಾನೋಪ್ರಾಸ್ಟ್ ಎಂಬ ಹೊಸ ಹನಿಮದ್ದಿಗೆ ಅನುಮತಿ ದೊರೆಯಿತು. ಅದು ಪ್ರಾಸ್ಟಗ್ಲಾಂಡಿನ್ ಎಂಬ ದೇಹಜ ದ್ರವ್ಯವನ್ನು ಹೋಲುವ ಕೃತಕ ಅಣು. ಮರುವರ್ಷವೇ ಜಾನ್‌ಸ್ಟೋನ್ ಎಂಬ ಅಮೆರಿಕದ ನೇತ್ರವೈದ್ಯರು ಒಂದು ವಿಚಿತ್ರವನ್ನು ವರದಿ ಮಾಡಿದರು. ಒಂದೇ ಕಣ್ಣಿಗೆ ಈ ಮದ್ದನ್ನು ಹಾಕಿಕೊಳ್ಳುತ್ತಿದ್ದ ರೋಗಿಗಳಲ್ಲಿ ಆ ಕಡೆಯ ಎವೆಗೂದಲು ಮಾತ್ರ ಉದ್ದವಾಗಿ, ದಪ್ಪವಾಗಿ, ಕಪ್ಪೇರಿ ಬೆಳೆದಿತ್ತು. ಮತ್ತೊಂದು ಕಣ್ಣಿನ ಕೂದಲು ಮೊದಲಿನಂತೆಯೇ ಇತ್ತು. ಪ್ರಮಾಣಶಾಸ್ತ್ರವನ್ನು ಬಲ್ಲವರಿಗೆ ಇದಕ್ಕಿಂತ ರಮಣೀಯವಾದ ದೃಷ್ಟಾಂತ ದೊರೆಯುವುದು ಕಷ್ಟ. ಇಬ್ಬರು ಮನುಷ್ಯರನ್ನು ಹೋಲಿಸುವಾಗ ವಯಸ್ಸು, ಆಹಾರ, ವಂಶ, ಋತು ಎಂದು ನೂರು ಭೇದಗಳು ಅಡ್ಡಬರುತ್ತವೆ. ಒಬ್ಬ ಮನುಷ್ಯನ ನಿನ್ನೆ ಇಂದುಗಳನ್ನು ಹೋಲಿಸಿದರೂ ನಡುವೆ ಕಾಲವೆಂಬುದು ಹರಿದಿರುತ್ತದೆ. ಇಲ್ಲಿಯಾದರೋ ಅದೇ ರಕ್ತ, ಅದೇ ಅನ್ನ, ಅದೇ ಧೂಳು, ಅದೇ ದಿನ. ಮೂಗಿನ ಈಚೆಗೆ ಮದ್ದು ಬಿದ್ದಿದೆ, ಆಚೆಗೆ ಬಿದ್ದಿಲ್ಲ. ಎರಡು ಕಡೆಗಳಲ್ಲಿ ಕಂಡುಬಂದ ಅಂತರಕ್ಕೆ ಮದ್ದಿನ ವಿನಾ ಬೇರೆ ಕಾರಣವನ್ನು ಹುಡುಕಬೇಕೆಂದರೂ ಸಿಗುವುದಿಲ್ಲ. ಯಾರೂ ಪ್ರಯೋಗವೆಂದು ಹೂಡದೆ ರೋಗವೇ ಹೂಡಿಕೊಟ್ಟ ಪ್ರಯೋಗವಿದು. ಸೌಂದರ್ಯವನ್ನು ಬಯಸಿ ಬಂದವರಲ್ಲ ಆ ರೋಗಿಗಳು ಎಂಬುದರಿಂದ ಅವರ ಸಾಕ್ಷ್ಯದಲ್ಲಿ ಆಸೆಯ ಕಲಬೆರಕೆಯೂ ಇರಲಿಲ್ಲ.

ಅದೇ ಕುಲದ ಬೈಮ್ಯಾಟೋಪ್ರಾಸ್ಟ್ ಎಂಬ ಮತ್ತೊಂದು ಹನಿಮದ್ದು ಗ್ಲಾಕೋಮಾಕ್ಕಾಗಿ 2001ರಲ್ಲಿ ಬಂದಿತು. ಅದರಲ್ಲಿಯೂ ಇದೇ ಪರಿಣಾಮ ಎದ್ದು ಕಂಡದ್ದರಿಂದ, ಅದನ್ನು ತಯಾರಿಸುತ್ತಿದ್ದ ಅಲರ್ಗನ್ ಸಂಸ್ಥೆಯವರು ಉಪದ್ರವವೆನಿಸಿದ್ದನ್ನೇ ಉದ್ದೇಶವಾಗಿ ಮಾಡಿಕೊಂಡು, 278 ಜನರ ಮೇಲೆ 16 ವಾರಗಳ ಪ್ರಯೋಗವೊಂದನ್ನು ನಡೆಸಿದರು. ಚೀಟಿ ಎತ್ತಿದಂತೆ ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ನೂರಕ್ಕೆ 0.03ರ ಪ್ರಮಾಣದ ಔಷಧವನ್ನೂ ಮತ್ತೊಂದು ಪಾಲಿನವರಿಗೆ ಔಷಧವಿಲ್ಲದ ಬರಿಯ ದ್ರಾವಣವನ್ನೂ ಕೊಟ್ಟು, ಯಾರಿಗೆ ಯಾವುದೆಂಬುದು ಹಚ್ಚುವವರಿಗಾಗಲಿ ಪರೀಕ್ಷಿಸುವವರಿಗಾಗಲಿ ತಿಳಿಯದಂತೆ ಮರೆಮಾಡಲಾಗಿತ್ತು. ಪ್ರತಿ ರಾತ್ರಿ ಮುಖ ತೊಳೆದು, ಕುಂಚದ ಮೇಲೆ ಒಂದು ಹನಿಯನ್ನು ಬಿಟ್ಟುಕೊಂಡು, ಮೇಲಿನ ರೆಪ್ಪೆಯ ಅಂಚಿನಲ್ಲಿ ಕೂದಲಿನ ಬುಡಕ್ಕೆ ಮಾತ್ರ ಒಳಮೂಲೆಯಿಂದ ಹೊರಕ್ಕೆ ಎಳೆದು, ಹೆಚ್ಚಾದದ್ದನ್ನು ಒತ್ತಿ ತೆಗೆಯುವುದು; ಇನ್ನೊಂದು ಕಣ್ಣಿಗೆ ಬೇರೆ ಕುಂಚ. ಹದಿನಾರನೆಯ ವಾರ ನೋಡಿದಾಗ ಔಷಧದ ಪಾಲಿನಲ್ಲಿ ನೂರಕ್ಕೆ 78.1 ಜನರಿಗೆ ಒಂದು ಶ್ರೇಣಿಯಷ್ಟಾದರೂ ಹೆಚ್ಚಳ ಕಂಡಿತ್ತು. ಉದ್ದವನ್ನು ಛಾಯಾಚಿತ್ರದಲ್ಲಿ ಅಳೆದಾಗ ಸರಾಸರಿ 1.4 ಮಿಲಿಮೀಟರು ಏರಿತ್ತು, ಅಂದರೆ ಕಾಲುಭಾಗದಷ್ಟು. ಇದನ್ನು ಆಧರಿಸಿ ಅಮೆರಿಕದ ಔಷಧ ಪ್ರಾಧಿಕಾರವು 2008ರ ಡಿಸೆಂಬರಿನಲ್ಲಿ ಎವೆಗೂದಲಿನ ಕೊರತೆಗೆ ಈ ಔಷಧವನ್ನು ಒಪ್ಪಿತು. ಜಪಾನಿನಲ್ಲಿಯೂ ಅಲ್ಲಿಯವರ ಮೇಲೆಯೇ ಪರೀಕ್ಷಿಸಿ 2014ರಲ್ಲಿ ಅನುಮತಿ ಕೊಟ್ಟರು.

ಈ ವೃತ್ತಾಂತವನ್ನು ಓದುವವರೆಲ್ಲರ ದೃಷ್ಟಿಯೂ 78ರ ಮೇಲೆ ನಿಲ್ಲುತ್ತದೆ. ಜಾಹೀರಾತುಗಳು ಹೇಳುವುದೂ ಅದನ್ನೇ. ನನಗಾದರೋ ಅದಕ್ಕಿಂತ ಎಷ್ಟೋ ಪಾಲು ಬೋಧಪ್ರದವಾಗಿ ತೋರುವುದು ಪಕ್ಕದ ಕಲಮಿನಲ್ಲಿ ತಲೆ ತಗ್ಗಿಸಿ ಕುಳಿತಿರುವ ಸಂಖ್ಯೆ. ಔಷಧವೇ ಇಲ್ಲದ ಬರಿಯ ದ್ರಾವಣವನ್ನು ಹಚ್ಚಿಕೊಂಡ 141 ಜನರಲ್ಲಿಯೂ ನೂರಕ್ಕೆ 18.4ರಷ್ಟು ಮಂದಿಯ ಕೂದಲು ಹೆಚ್ಚಿತೆಂದು, ನುರಿತ ವೈದ್ಯರು, ಯಾವ ಪಕ್ಷಪಾತಕ್ಕೂ ಎಡೆಯಿಲ್ಲದಂತೆ ಕಣ್ಣು ಕಟ್ಟಿಸಿಕೊಂಡು ತೀರ್ಪಿತ್ತಿದ್ದರು. ಇದೇ ಪಾಲಿನಲ್ಲಿ ಅಳತೆಗೆ ಸಿಕ್ಕ ಉದ್ದದ ಹೆಚ್ಚಳವೆಷ್ಟು? 0.1 ಮಿಲಿಮೀಟರು. ಅಂದರೆ ಮಾಪನಕ್ಕೆ ಬಹುಮಟ್ಟಿಗೆ ಏನೂ ಆಗಿಲ್ಲ. ನೋಟಕ್ಕೆ ಮಾತ್ರ ಐವರಲ್ಲಿ ಒಬ್ಬರಿಗೆ ಹತ್ತಿರ ಹತ್ತಿರ ಆಗಿದೆ. ಫಲಾಪೇಕ್ಷೆಯಿಲ್ಲದ ತಜ್ಞನ ಕಣ್ಣೇ ಇಷ್ಟು ಮೋಸಹೋಗುವುದಾದರೆ, ದುಡ್ಡು ಕೊಟ್ಟು ಸೀಸೆ ತಂದು, ಹದಿನಾರು ವಾರ ಪ್ರತಿರಾತ್ರಿ ನೇಮದಿಂದ ಹಚ್ಚಿ, ಬೆಳಗ್ಗೆ ಕನ್ನಡಿಯ ಮುಂದೆ ನಿಲ್ಲುವವರ ಕಣ್ಣು ಎಷ್ಟು ಮೋಸಹೋಗಬಹುದು! ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ, 1117ರ ಪ್ರತಿಷ್ಠೆಯ ಆ ಕಾಲದಿಂದ ಇಂದಿನವರೆಗೂ, ದರ್ಪಣಸುಂದರಿಯು ಕೈಗನ್ನಡಿಯಲ್ಲಿ ತನ್ನ ಮುಖವನ್ನು ನೋಡಿಕೊಳ್ಳುತ್ತಲೇ ಇದ್ದಾಳೆ. ಬಳಪದ ಕಲ್ಲಿನಲ್ಲಿ ಬಂಧಿತಳಾದುದರಿಂದ ಅವಳಿಗೆ ಮಾತ್ರ ನಿನ್ನೆಗಿಂತ ಇಂದು ಹೆಚ್ಚು ಕಂಡೀತೆಂಬ ಭಯವಿಲ್ಲ.

ಈ ಹದಿನೆಂಟಕ್ಕೆ ಆಸೆಯೊಂದೇ ಕಾರಣವಲ್ಲ; ಎವೆಗೂದಲಿನ ಪ್ರಕೃತಿಯೂ ಅದಕ್ಕೆ ಒತ್ತಾಸೆಯಾಗಿ ನಿಲ್ಲುತ್ತದೆ. ಮೇಲಿನ ರೆಪ್ಪೆಯಲ್ಲಿ ಸುಮಾರು 90ರಿಂದ 150, ಕೆಳಗಿನದರಲ್ಲಿ 70ರಿಂದ 80 ಕೂದಲುಗಳಿರುತ್ತವೆ. ತಲೆಗೂದಲು ಹಲವು ವರ್ಷ ಎಡೆಬಿಡದೆ ಬೆಳೆಯುತ್ತಿದ್ದರೆ, ಎವೆಗೂದಲು ಬೆಳೆಯುವುದು ಒಂದೆರಡು ತಿಂಗಳು ಮಾತ್ರ. ಆಮೇಲೆ ಕೆಲವು ತಿಂಗಳು ಸುಮ್ಮನೆ ನಿಂತಿದ್ದು, ಉದುರಿ, ಅದೇ ಬುಡದಿಂದ ಹೊಸದಕ್ಕೆ ಎಡೆಗೊಡುತ್ತದೆ. ಕೂದಲು ಹತ್ತು ಹನ್ನೆರಡು ಮಿಲಿಮೀಟರಿಗೆ ನಿಂತುಬಿಡುವುದು ಈ ಅಲ್ಪಾಯುಸ್ಸಿನಿಂದಲೇ. ಬೈಮ್ಯಾಟೋಪ್ರಾಸ್ಟ್ ಮಾಡುವುದೂ ಈ ಬೆಳವಣಿಗೆಯ ಅವಧಿಯನ್ನು ಹಿಗ್ಗಿಸಿ, ಒಂದೇ ಕಾಲಕ್ಕೆ ಹೆಚ್ಚು ಬುಡಗಳನ್ನು ಆ ಅವಸ್ಥೆಗೆ ತರುವುದನ್ನೇ ಹೊರತು ಹೊಸ ಬುಡಗಳನ್ನು ಸೃಷ್ಟಿಸುವುದನ್ನಲ್ಲ. ಇನ್ನು ಮನುಷ್ಯಸ್ವಭಾವವನ್ನು ಯೋಚಿಸಿ ನೋಡಿ. ಕೂದಲು ಚೆನ್ನಾಗಿರುವ ದಿನ ಯಾರೂ ಹರಳೆಣ್ಣೆಯನ್ನು ಹುಡುಕುವುದಿಲ್ಲ. ಜ್ವರದ ತರುವಾಯವೋ ಬಾಣಂತನದ ತರುವಾಯವೋ ಕಣ್ಣುಜ್ಜಿಕೊಂಡ ಬೆರಳಿನಲ್ಲಿ ನಾಲ್ಕು ಕೂದಲು ಬಂದಾಗ, ಅಂದರೆ ಸ್ಥಿತಿಯು ಅತ್ಯಂತ ಕೆಳಗಿಳಿದಾಗ, ಎಣ್ಣೆಯ ಬಟ್ಟಲು ಹೊರಗೆ ಬರುತ್ತದೆ. ಅಲ್ಲಿಂದ ಎರಡು ತಿಂಗಳಿಗೆ, ಏನು ಹಚ್ಚಿದರೂ, ಏನನ್ನು ಹಚ್ಚದಿದ್ದರೂ, ಬಿದ್ದ ಕೂದಲಿನ ಜಾಗದಲ್ಲಿ ಹೊಸತು ತಲೆಯೆತ್ತುವುದು ಪ್ರಕೃತಿನಿಯಮ. ಯಶಸ್ಸು ಮಾತ್ರ ಬಟ್ಟಲಿಗೆ ಸಲ್ಲುತ್ತದೆ. ಬೆಳೆಯದೆ ಹೋದವರು ಅದನ್ನು ಯಾರಿಗೂ ಹೇಳದೆ ಬಟ್ಟಲನ್ನು ಮೂಲೆಗಿಡುತ್ತಾರೆ. ಬೆಳೆದವರು ಓರಗಿತ್ತಿಗೂ ನಾದಿನಿಗೂ ನೆರೆಮನೆಗೂ ಹೇಳುತ್ತಾರೆ. ನೂರಕ್ಕೆ ಹದಿನೆಂಟು ಬಾಯಿಗಳು, ತಲೆಮಾರಿನಿಂದ ತಲೆಮಾರಿಗೆ, ಒಂದು ಸೀಮೆಯ ನಂಬಿಕೆಯನ್ನು ಕಟ್ಟಿ ನಿಲ್ಲಿಸಲು ಧಾರಾಳವಾಗಿ ಸಾಕು.

ಇದರಿಂದ ಹರಳೆಣ್ಣೆ ನಿಷ್ಪ್ರಯೋಜಕವೆಂದು ಸಿದ್ಧವಾಯಿತೆಂದು ಹೇಳುವ ಆತುರ ನನಗಿಲ್ಲ. ಸಿದ್ಧವಾದದ್ದು, ಅದರ ಪರವಾಗಿ ಇಂದು ನಾವು ಮುಂದಿಡುವ ಸಾಕ್ಷ್ಯವೆಲ್ಲವೂ, ಅದು ನಿಷ್ಪ್ರಯೋಜಕವಾಗಿದ್ದರೂ ಇದೇ ರೂಪದಲ್ಲಿ, ಇದೇ ಗಟ್ಟಿತನದಲ್ಲಿ ದೊರೆಯುತ್ತಿತ್ತು ಎಂಬುದು. ಸಾಕ್ಷ್ಯವು ಎರಡು ಪಕ್ಷಗಳಿಗೂ ಸಮನಾಗಿ ಹೊಂದುವಾಗ ಅದನ್ನು ಒಂದು ಪಕ್ಷದ ಬೆನ್ನಿಗೆ ಕಟ್ಟುವುದು ತರ್ಕವಲ್ಲ. ನಮ್ಮ ಪ್ರಾಚೀನ ನೈಯಾಯಿಕರು ಪರಂಪರೆಯ ಮೇಲಿನ ಗೌರವದಿಂದ ಹೇತುದೋಷವನ್ನು ಮನ್ನಿಸುತ್ತಿರಲಿಲ್ಲ. ಅಜ್ಜಿಯ ಮೇಲಿನ ಪ್ರೀತಿಯಿಂದ ನಾವು ಮನ್ನಿಸಬೇಕಾದ ಕಾರಣವೂ ಕಾಣದು.

ಇಷ್ಟು ಹೇಳಿ ಸೀಸೆಯ ಪಕ್ಷವನ್ನು ಗೆಲ್ಲಿಸಿಬಿಟ್ಟಂತೆ ಯಾರಾದರೂ ಭಾವಿಸಿದರೆ ಅದು ಅಕಾಲದ ಸಂತೋಷ. ಗುಣವನ್ನು ಅಳೆಯಲು 16 ವಾರ ಸಾಕಾಯಿತು, ಏಕೆಂದರೆ ಕೂದಲಿನ ಜೀವನಚಕ್ರವೇ ಅಷ್ಟು ಗಿಡ್ಡದು. ದೋಷವಾದರೋ ಕೂದಲಿನ ಪಂಚಾಂಗವನ್ನು ಅನುಸರಿಸಿ ಬರಬೇಕೆಂಬ ನಿಯಮವಿಲ್ಲ. ಪ್ರಯೋಗದ ಅವಧಿಯಲ್ಲಿ ಕಂಡದ್ದು ನೂರಕ್ಕೆ ಮೂರು ನಾಲ್ಕು ಜನರಲ್ಲಿ ಕಣ್ಣು ಕೆಂಪಾಗುವುದು, ತುರಿಕೆ, ಇಂಥ ಅಲ್ಪ ಉಪದ್ರವಗಳು. ಆದರೆ ಗ್ಲಾಕೋಮಾಕ್ಕೆ ಇದೇ ಮದ್ದನ್ನು ವರ್ಷಗಟ್ಟಲೆ ಕಣ್ಣಿಗೆ ಹಾಕಿಕೊಂಡವರಲ್ಲಿ, ಕಣ್ಣಗುಳಿಯ ಕೊಬ್ಬು ಕರಗಿ ಮೇಲಿನ ರೆಪ್ಪೆಯ ಮಡಿಕೆ ಒಳಕ್ಕೆ ಇಳಿದುಹೋಗುವುದನ್ನು ವೈದ್ಯರು ಮೊದಲು ಗುರುತಿಸಿದ್ದು 2004ರಲ್ಲಿ, ಮದ್ದು ಪೇಟೆಗೆ ಬಂದು ಮೂರು ವರ್ಷಗಳಾದ ಮೇಲೆ. ರೆಪ್ಪೆಯ ಅಂಚಿಗೆ ಹಚ್ಚುವಾಗ ಒಳಹೋಗುವ ಮದ್ದು ಹನಿಹಾಕುವುದಕ್ಕಿಂತ ಬಹಳ ಕಡಮೆಯೆಂಬುದನ್ನು ಒಪ್ಪಬೇಕು. ಅಪಾಯವೂ ಅದಕ್ಕೆ ತಕ್ಕಂತೆ ಕಡಮೆಯಿರಬಹುದು. ಆದರೂ ಎರಡು ಪರಿಣಾಮಗಳ ಸ್ವಭಾವವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯಾಪಾರದ ಅಸಮತೆ ಹೊಳೆಯುತ್ತದೆ. ಹಚ್ಚುವುದನ್ನು ನಿಲ್ಲಿಸಿದರೆ ಕೆಲವು ವಾರ ತಿಂಗಳುಗಳಲ್ಲಿ ಕೂದಲು ಮೊದಲಿನ ಸ್ಥಿತಿಗೆ ಮರಳುತ್ತದೆ. ಆದುದರಿಂದ ಚೆಲುವನ್ನು ಉಳಿಸಿಕೊಳ್ಳಬೇಕಾದವರು ಹಚ್ಚುತ್ತಲೇ ಇರಬೇಕು. ಕಣ್ಣಿನ ಪಾಪೆಯ ಸುತ್ತಣ ಬಣ್ಣದ ವಲಯ ಈ ಮದ್ದಿನಿಂದ ಕಂದೇರಿದರೆ ಮಾತ್ರ ಅದು ಮರಳುವುದಿಲ್ಲ. ಗುಣ ಬಾಡಿಗೆಯದು, ದೋಷ ಕ್ರಯದ್ದು.

ಇಲ್ಲಿ ನಮ್ಮ ಜನ ಗಮನಿಸಬೇಕಾದ ವಿಶೇಷವೊಂದುಂಟು. ಆ ಮುಖ್ಯ ಪ್ರಯೋಗದಲ್ಲಿ ಭಾಗವಹಿಸಿದವರು ಬಹುಪಾಲು ಸ್ತ್ರೀಯರು, ಅವರಲ್ಲಿಯೂ ಹೆಚ್ಚಿನವರು ಬಿಳಿಯರು. ಕಣ್ಣಿನ ಬಣ್ಣ ಬದಲಾದೀತೆಂಬ ಎಚ್ಚರಿಕೆ ಹಸುರು, ಜೇನುಬಣ್ಣದ ಮಿಶ್ರ ವರ್ಣದ ಕಣ್ಣುಗಳುಳ್ಳ ಅವರಿಗೆ ಭಯಂಕರ. ಗಾಢ ಕಂದುಗಣ್ಣಿನ ಕನ್ನಡಿಗರಿಗೆ ಅದು ಕಾಣುವುದೇ ಅಪರೂಪ. ಆದರೆ ಈ ಮದ್ದು ರೆಪ್ಪೆಯ ಚರ್ಮವನ್ನೂ ಕಪ್ಪಾಗಿಸುತ್ತದೆ. ಆ ಕಪ್ಪು ಸಾಮಾನ್ಯವಾಗಿ ಮದ್ದು ಬಿಟ್ಟ ಮೇಲೆ ಹೋಗುವುದಾದರೂ, ಕಣ್ಣಿನ ಸುತ್ತ ಕಪ್ಪುಗಟ್ಟಿದೆಯೆಂದು ಮೊದಲೇ ಕೊರಗಿ ಒಂದು ಮುಲಾಮನ್ನು ಹಚ್ಚುತ್ತಿರುವ ನಮ್ಮ ಹೆಣ್ಣುಮಕ್ಕಳು, ಕೂದಲಿಗಾಗಿ ಮತ್ತೊಂದನ್ನು ಹಚ್ಚಿ, ಅದು ತಂದ ಕಪ್ಪಿಗೆ ಮೊದಲಿನ ಮುಲಾಮನ್ನು ಇಮ್ಮಡಿಸುವ ಪರಿಸ್ಥಿತಿ ಅಸಂಭವವಲ್ಲ. ಪರದೇಶದ ಪ್ರಮಾಣವನ್ನು ತರಿಸಿಕೊಳ್ಳುವಾಗ ಅದರ ಗುಣದ ಭಾಗವಷ್ಟೇ ನಮ್ಮ ಮುಖಕ್ಕೆ ಹೊಂದುವುದೆಂದೂ ದೋಷದ ಭಾಗ ಅಲ್ಲಿಯ ಚರ್ಮಕ್ಕೇ ಮೀಸಲೆಂದೂ ಎಣಿಸುವುದು ಸರಿಯಲ್ಲ.

ವೈದ್ಯರ ಚೀಟಿಯಿಂದ ದೊರೆಯತಕ್ಕ ಔಷಧದ ಕಥೆ ಇದು. ಚೀಟಿಯಿಲ್ಲದೆ, ಸೌಂದರ್ಯವರ್ಧಕವೆಂಬ ಹೆಸರಿನಲ್ಲಿ ಮಾರುವ ಸೀರಮುಗಳಲ್ಲಿ ಕೆಲವು ಬರಿಯ ಜೀವಸತ್ತ್ವ, ಪೆಪ್ಟೈಡು, ಗಿಡಮೂಲಿಕೆಗಳ ದ್ರಾವಣಗಳು. ಇವುಗಳ ಪ್ರಮಾಣ ಹರಳೆಣ್ಣೆಯ ಪ್ರಮಾಣಕ್ಕಿಂತ ಮೇಲಿನದಲ್ಲ, ಬೆಲೆ ಮಾತ್ರ ಮೇಲಿನದು. ಮತ್ತೆ ಕೆಲವು ನಿಜವಾಗಿಯೂ ಕೆಲಸ ಮಾಡುತ್ತವೆ, ಭಯಪಡಬೇಕಾದದ್ದು ಆಗಲೇ. 2007ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಅಮೆರಿಕದ ಸರ್ಕಾರದವರು ವಶಪಡಿಸಿಕೊಂಡ ಇಂಥ ಒಂದು ಲೇಪದಲ್ಲಿ ಇದ್ದದ್ದು ಬೇರೇನೂ ಅಲ್ಲ, ಬೈಮ್ಯಾಟೋಪ್ರಾಸ್ಟೇ. ಆಮೇಲೆ ಬಂದ ಕೆಲವು ಸೀರಮುಗಳಲ್ಲಿ ಐಸೋಪ್ರೊಪೈಲ್ ಕ್ಲೋಪ್ರೋಸ್ಟಿನೇಟ್ ಎಂಬ ಸಹೋದರ ಅಣುವನ್ನು ಬಳಸಿದರು. ಹಾಸನದ ಹಾಲಿನ ಸೀಮೆಯಲ್ಲಿ ಹಸು ಸಾಕಿದವರಿಗೆ ಇದರ ಮೂಲದ್ರವ್ಯದ ಪರಿಚಯ ಹೆಸರಿನಿಂದಲ್ಲದಿದ್ದರೂ ಕೆಲಸದಿಂದ ಉಂಟು: ಹಸು ಬೆದೆಗೆ ಬಾರದಿದ್ದಾಗ ದನದ ಡಾಕ್ಟರು ಕೊಡುವ ಚುಚ್ಚುಮದ್ದುಗಳಲ್ಲಿ ಕ್ಲೋಪ್ರೋಸ್ಟಿನಾಲ್ ಒಂದು, ಗರ್ಭಿಣಿಯರು ಆ ಮದ್ದನ್ನು ಮುಟ್ಟಬಾರದೆಂದು ಅದರ ಮೇಲೆಯೇ ಎಚ್ಚರಿಕೆಯಿರುತ್ತದೆ. ಅದರ ಎಸ್ಟರನ್ನು ಪರಿಮಳದ ಸೀಸೆಯಲ್ಲಿ ತುಂಬಿ ಕಣ್ಣಿನ ಅಂಚಿಗೆ ಬಳಿಯಲು ಕೊಡುವಾಗ, ಕೊಳ್ಳುವವರಿಗೆ ಈ ವಂಶಾವಳಿಯನ್ನು ತಿಳಿಸುವ ಸೌಜನ್ಯ ಯಾರಿಗೂ ತೋರದು. ಯೂರೋಪಿನ ಗ್ರಾಹಕ ಸುರಕ್ಷತೆಯ ವೈಜ್ಞಾನಿಕ ಸಮಿತಿಯು 2022ರಲ್ಲಿ ಈ ಅಣುವನ್ನು ಪರಿಶೀಲಿಸಿ, ಕಣ್ಣಿನ ಸಮೀಪ ಇದರ ಬಳಕೆ ಸುರಕ್ಷಿತವೆಂದು ಹೇಳಲು ಆಧಾರ ಸಾಲದೆಂದು ತೀರ್ಮಾನಿಸಿತು.

ಎವೆಯ ಅಲಂಕಾರವು ಕಾನೂನನ್ನೇ ಎಬ್ಬಿಸಿದ ಚರಿತ್ರೆ ಇದಕ್ಕಿಂತ ಹಳೆಯದು. 1933ರ ಸುಮಾರಿಗೆ ಅಮೆರಿಕದಲ್ಲಿ ಲ್ಯಾಶ್ ಲೂರ್ ಎಂಬ ರೆಪ್ಪೆಯ ಬಣ್ಣವು ಕೆಲವು ಹೆಂಗಸರ ಕಣ್ಣನ್ನು ಸುಟ್ಟು ಕುರುಡು ಮಾಡಿತು, ಒಬ್ಬರ ಪ್ರಾಣವನ್ನೂ ತೆಗೆಯಿತು. ಸೌಂದರ್ಯವರ್ಧಕಗಳ ಮೇಲೆ ಆ ದೇಶದ ಸರ್ಕಾರಕ್ಕೆ ಆಗ ಯಾವ ಅಧಿಕಾರವೂ ಇರಲಿಲ್ಲವಾದುದರಿಂದ ಅದನ್ನು ಪೇಟೆಯಿಂದ ತೆಗೆಸುವುದೂ ಅಸಾಧ್ಯವಾಯಿತು. ಆ ಅಧಿಕಾರವನ್ನು ಕೊಟ್ಟ 1938ರ ಕಾಯಿದೆ ಹುಟ್ಟಿದ್ದರಲ್ಲಿ ಆ ಕಣ್ಣುಗಳ ಪಾಲೂ ಇದೆ. ನಮ್ಮಲ್ಲಿ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆಯ ಕೆಳಗೆ 1945ರಲ್ಲಿ ಬಂದ ನಿಯಮಗಳ ಜೆ ಅನುಸೂಚಿಯು, ಯಾವ ಔಷಧವೂ ವಾಸಿಮಾಡುವೆನೆಂದು ಹೇಳಿಕೊಳ್ಳಬಾರದ ವಿಷಯಗಳ ಪಟ್ಟಿಯಲ್ಲಿ, ಕುರುಡುತನ ಗ್ಲಾಕೋಮಾಗಳ ಜೊತೆಗೆ ಹೊಸ ಕೂದಲು ಬೆಳೆಸುವುದನ್ನೂ ಸೇರಿಸಿದೆ. ಕಾಡಿಗೆಯ ವಿಚಾರದಲ್ಲಿಯೂ ಎಚ್ಚರ ಅನಾವಶ್ಯಕವಲ್ಲ. ಮನೆಯ ದೀಪದ ಮಸಿಯ ಹೆಸರನ್ನು ಹೊತ್ತು, ಸೀಸದ ಅದಿರನ್ನು ಅರೆದು ಮಾಡಿದ ಸುರ್ಮಾ ಮಕ್ಕಳ ರಕ್ತದಲ್ಲಿ ಸೀಸವನ್ನು ಏರಿಸಿರುವುದು ಹಲವು ದೇಶಗಳಲ್ಲಿ ಕಂಡುಬಂದಿದೆ.

ಇನ್ನು ಈ ಎಲ್ಲ ವಾದಗಳ ಬುಡದಲ್ಲಿರುವ, ಪ್ರಯೋಗಗಳು ಕೇಳದೆ ದಾಟಿದ ಪ್ರಶ್ನೆಯೊಂದಿದೆ. ಕೊರತೆಯೆಂಬುದು ಯಾವುದಕ್ಕೆ ಹೋಲಿಸಿದ ಕೊರತೆ? ಆ ಪ್ರಯೋಗದಲ್ಲಿ ಬಳಸಿದ ಮಾನದಂಡಕ್ಕೆ ನಾಲ್ಕು ಶ್ರೇಣಿಗಳು: ಅತ್ಯಲ್ಪ, ಮಧ್ಯಮ, ಎದ್ದು ಕಾಣುವಂಥದು, ಬಹಳ ಎದ್ದು ಕಾಣುವಂಥದು. ಇವುಗಳಲ್ಲಿ ಯಾವುದರ ಪಕ್ಕದಲ್ಲಿಯೂ ಆರೋಗ್ಯವಂತರಿಗೆ ಇಷ್ಟು ಸಾಕು ಎಂಬ ಗುರುತಿಲ್ಲ. ರಕ್ತದೊತ್ತಡಕ್ಕೆ, ಸಕ್ಕರೆಗೆ, ಜ್ವರಕ್ಕೆ ಒಂದು ಗೆರೆಯಿದೆ. ಇಲ್ಲಿರುವುದು ಮೇಲಕ್ಕೆ ಹೋಗುವ ಮೆಟ್ಟಿಲುಗಳು ಮಾತ್ರ. ಪ್ರಕೃತಿಯನ್ನು ಕೇಳಿದರೆ ಅದಕ್ಕೆ ಬೇರೆಯೇ ಗೆರೆಯಿದ್ದಂತೆ ಕಾಣುತ್ತದೆ. 2015ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು 22 ಜಾತಿಯ ಸಸ್ತನಿಗಳ ಕಣ್ಣನ್ನು ಅಳೆದು, ಎವೆಗೂದಲಿನ ಉದ್ದವು ಕಣ್ಣಿನ ಅಗಲದ ಸುಮಾರು ಮೂರನೆಯ ಒಂದು ಭಾಗವಾಗಿರುತ್ತದೆಂದು ಕಂಡುಕೊಂಡರು; ಕೃತಕವಾದ ಕಣ್ಣೊಂದನ್ನು ಗಾಳಿಯ ಸುರಂಗದಲ್ಲಿಟ್ಟು ನೋಡಿದಾಗ, ಅಷ್ಟೇ ಉದ್ದದಲ್ಲಿ ಕಣ್ಣೀರು ಆರುವುದೂ ಧೂಳು ಕೂರುವುದೂ ಅರ್ಧದಷ್ಟು ತಗ್ಗಿದವು, ಅದಕ್ಕಿಂತ ಉದ್ದವಾದರೆ ಕೂದಲೇ ಗಾಳಿಯನ್ನು ಕಣ್ಣಿನೊಳಕ್ಕೆ ಸಾಗಿಸತೊಡಗಿತು. ಫಾಲ್ಗುಣ ಚೈತ್ರಗಳಲ್ಲಿ ಹಳೇಬೀಡಿನಿಂದ ಅರಸೀಕೆರೆಯ ಕಡೆಗೆ ಬೈಕಿನಲ್ಲಿ ಬರುವವರಿಗೆ ಈ ಲೆಕ್ಕ ನಿರರ್ಥಕವಲ್ಲ. ಕೂದಲು ಇರುವುದೇ ಪೀಡೆಯಾಗುವ ಸಂದರ್ಭವನ್ನೂ ನಮ್ಮ ಹಿಂದಿನವರು ಬಲ್ಲರು: ಎವೆಗೂದಲು ಒಳಕ್ಕೆ ಬಾಗಿ ಕಣ್ಣನ್ನು ಚುಚ್ಚುವ ರೋಗವನ್ನು ಸುಶ್ರುತನು ಪಕ್ಷ್ಮಕೋಪವೆಂದು ಹೆಸರಿಸಿ ಶಸ್ತ್ರಚಿಕಿತ್ಸೆ ಹೇಳಿದ್ದಾನೆ. ಟ್ರಕೋಮಾ ರೋಗ ಇದನ್ನು ತಂದು ಲಕ್ಷಾಂತರ ಭಾರತೀಯರನ್ನು ಚಿಮುಟ ಹಿಡಿದು ತಮ್ಮ ಎವೆಯನ್ನು ತಾವೇ ಕೀಳುವಂತೆ ಮಾಡಿತ್ತು. ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂಬ ಮಟ್ಟದಲ್ಲಿ ಭಾರತವು ಅದರಿಂದ ಬಿಡುಗಡೆ ಹೊಂದಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2024ರಲ್ಲಿ.

ಹಾಗೆಂದು ಎವೆಗೂದಲಿನ ಚಿಕಿತ್ಸೆಯೆಲ್ಲ ಶೋಕಿಯೆಂದು ಅಲ್ಲಗಳೆಯುವವರ ಜೊತೆಗೂ ನಾನು ನಿಲ್ಲಲಾರೆ. ಕ್ಯಾನ್ಸರಿಗೆ ಕೀಮೋಥೆರಪಿ ಪಡೆದು ತಲೆಯ ಕೂದಲನ್ನೂ ಹುಬ್ಬು ಎವೆಗಳನ್ನೂ ಕಳೆದುಕೊಂಡವರು, ತಲೆಗೆ ಸೆರಗು ಹೊದ್ದು ಬೀದಿಗೆ ಬರಬಹುದು; ಎವೆಯಿಲ್ಲದ ಕಣ್ಣನ್ನು ಮುಚ್ಚುವ ಸೆರಗಿಲ್ಲ. ಅಂಥವರ ಮೇಲೆಯೂ ಬೈಮ್ಯಾಟೋಪ್ರಾಸ್ಟಿನ ಪ್ರಯೋಗ ನಡೆದು ಗುಣ ಕಂಡಿದೆ. ದೇಹವು ತನ್ನ ಕೂದಲಿನ ಬುಡದ ಮೇಲೆ ತಾನೇ ಹಗೆ ಸಾಧಿಸುವ ಅಲೋಪೀಸಿಯಾ ಏರಿಯೇಟಾ ಎಂಬ ರೋಗದಲ್ಲಿ ಇದೇ ಮದ್ದಿನ ಫಲ ಅಷ್ಟು ನಿಚ್ಚಳವಲ್ಲ. 2022ರಲ್ಲಿ ಅಮೆರಿಕ ಒಪ್ಪಿದ ಬಾರಿಸಿಟಿನಿಬ್ ಎಂಬ ಮಾತ್ರೆ ರೋಗನಿರೋಧಕ ವ್ಯವಸ್ಥೆಯನ್ನೇ ತಡೆದು ತಲೆಗೂದಲಿನ ಜೊತೆಗೆ ಎವೆಗೂದಲನ್ನೂ ಮರಳಿಸಿರುವುದುಂಟು, ಅದರ ಅಪಾಯಗಳೂ ಅಷ್ಟೇ ಆಳವಾದುವು. ಇವೆಲ್ಲಕ್ಕಿಂತ ಮುಖ್ಯವಾಗಿ, ಎವೆ ಉದುರುವುದು ಎಷ್ಟೋ ವೇಳೆ ಬೇರೊಂದರ ಸೂಚನೆ. ಥೈರಾಯಿಡಿನ ಮಾಂದ್ಯ, ರೆಪ್ಪೆಯ ಅಂಚಿನ ಹಳೆಯ ಉರಿಯೂತ, ಕುಷ್ಠ ಇವುಗಳಲ್ಲಿ ಹುಬ್ಬೋ ಎವೆಯೋ ತೆಳುವಾಗುವುದುಂಟು. ಒಂದೇ ರೆಪ್ಪೆಯ ಒಂದೇ ಕಡೆ ಗಂಟಿನ ಮೇಲೆ ಕೂದಲು ಉದುರಿದರೆ ಅದು ರೆಪ್ಪೆಯ ಕ್ಯಾನ್ಸರಿನ ಗುರುತಾಗಿರಬಹುದು. ಇಂಥವರು ಎಣ್ಣೆಯನ್ನಾಗಲಿ ಸೀರಮನ್ನಾಗಲಿ ಹಚ್ಚುತ್ತ ಮೂರು ತಿಂಗಳು ಕಳೆದರೆ, ನಷ್ಟವಾಗುವುದು ಎಣ್ಣೆಯ ದುಡ್ಡಲ್ಲ. ಅರಸೀಕೆರೆಯ ತಾಲ್ಲೂಕು ಆಸ್ಪತ್ರೆಗೋ ಹಾಸನದ ವೈದ್ಯಕೀಯ ಕಾಲೇಜಿನ ನೇತ್ರವಿಭಾಗಕ್ಕೋ ಒಮ್ಮೆ ಹೋಗಿಬರುವುದು ಎರಡಕ್ಕಿಂತಲೂ ಮೊದಲಿನ ಕೆಲಸ. ಹೋದಾಗ ಕಣ್ಣಿನ ಒತ್ತಡವನ್ನೂ ನೋಡಿಸಿಕೊಳ್ಳತಕ್ಕದ್ದು. ದಕ್ಷಿಣ ಭಾರತದಲ್ಲಿ, ಆಂಧ್ರದಲ್ಲಿಯೂ ಚೆನ್ನೈನಲ್ಲಿಯೂ ನಡೆದ ಸಮೀಕ್ಷೆಗಳಲ್ಲಿ, ಗ್ಲಾಕೋಮಾ ಇದ್ದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನಕ್ಕೆ ತಮಗೆ ಅದು ಇದೆಯೆಂಬ ಅರಿವೇ ಇರಲಿಲ್ಲ. ಯಾರ ದೃಷ್ಟಿಯನ್ನು ಉಳಿಸಲೆಂದು ಆ ಹನಿ ಹುಟ್ಟಿತೋ ಅವರಿಗೆ ಅದು ತಲುಪುವ ಮೊದಲೇ ಅದರ ಉಪಫಲವು ಕುಂಚದೊಡನೆ ಪೇಟೆಯನ್ನು ಸುತ್ತಿಬಂದಿದೆ.

ಹರಳೆಣ್ಣೆಯ ವ್ಯಾಜ್ಯ ಮಾತ್ರ ಇತ್ಯರ್ಥವಾಗದೆ ಉಳಿಯಬೇಕಾದ ಕಾರಣವಿಲ್ಲ. ಅದನ್ನು ತೀರಿಸುವ ಉಪಾಯವನ್ನು ಒಂದೇ ಕಣ್ಣಿಗೆ ಮದ್ದು ಹಾಕಿಕೊಂಡ 1997ರ ಆ ರೋಗಿಗಳು ತೋರಿಸಿಕೊಟ್ಟಿದ್ದಾರೆ. ಯಾವ ವೈದ್ಯಕೀಯ ಕಾಲೇಜಾದರೂ ಅಲ್ಪ ವೆಚ್ಚದಲ್ಲಿ ಮಾಡಬಹುದಾದ ಕೆಲಸ. ಆರೋಗ್ಯವಂತರಾದ ನೂರು ಜನ ಒಪ್ಪಿಬಂದರೆ, ಚೀಟಿ ಎತ್ತಿ ಒಬ್ಬೊಬ್ಬರ ಒಂದು ರೆಪ್ಪೆಗೆ ಶುದ್ಧೀಕರಿಸಿದ ಹರಳೆಣ್ಣೆಯನ್ನೂ ಮತ್ತೊಂದಕ್ಕೆ ಅದರಂತೆಯೇ ಮಂದವಾಗಿ ಕಾಣುವ ದ್ರವ ಪ್ಯಾರಫಿನ್ನನ್ನೂ ಗೊತ್ತುಮಾಡಿ, ಎಡ ಬಲವೆಂದು ಮಾತ್ರ ಬರೆದ ಎರಡು ಸೀಸೆಗಳನ್ನು ಕೊಡಬೇಕು. ಒಂದರ ಕುಂಚ ಇನ್ನೊಂದಕ್ಕೆ ತಾಕಬಾರದು; ಮಲಗಿದಾಗ ದಿಂಬಿನಿಂದ ಒಂದು ಕಡೆಯ ಎಣ್ಣೆ ಮತ್ತೊಂದು ಕಡೆಗೆ ಹತ್ತುವುದುಂಟಾದುದರಿಂದ, ಹಚ್ಚಿ ಅರ್ಧ ಗಂಟೆಯಾದ ಮೇಲೆ ಒರೆಸಿ ಮಲಗಬೇಕು. ನಾಲ್ಕು ತಿಂಗಳ ಕೊನೆಯಲ್ಲಿ ತೆಗೆಯುವ ಛಾಯಾಚಿತ್ರವನ್ನು ಯಾವ ಕಣ್ಣಿಗೆ ಯಾವುದೆಂದು ತಿಳಿಯದವರು ಅಳೆಯಬೇಕು, ಅಂದಾಜಿನಿಂದಲ್ಲ, ಮಿಲಿಮೀಟರಿನಲ್ಲಿ. ಮತ್ತು ಛಾಯಾಚಿತ್ರಕ್ಕೆ ಕೂರಿಸುವ ಮೊದಲು ಎರಡು ರೆಪ್ಪೆಗಳನ್ನೂ ಸೋಪಿನಿಂದ ತೊಳೆಸಿ ಒಣಗಿಸತಕ್ಕದ್ದು. ಏಕೆಂದರೆ ಎಣ್ಣೆ ಹತ್ತಿದ ಕೂದಲು ಒಂದಕ್ಕೊಂದು ಅಂಟಿಕೊಂಡು, ಹೊಳೆದು, ಒಂದು ದಿನದ ಲೇಪದಲ್ಲಿಯೇ ಇದ್ದದ್ದಕ್ಕಿಂತ ಕಪ್ಪಾಗಿಯೂ ದಪ್ಪನಾಗಿಯೂ ತೋರುತ್ತದೆ.